ಅಜ್ಜಿಯ 44 ನಂಬರ್ ಬಸ್ಸು

ಕಳೆದ ಅಕ್ಟೋಬರ್‌ನ ಒಂದು ಬುಧವಾರ ಮಧ್ಯಾಹ್ನ ನಮ್ಮ ಅಜ್ಜಿ ಕಾಣೆಯಾದರು.

ನಾನು ಶಾಲೆಯಿಂದ ಮನೆಗೆ ಬಂದಾಗ ಮೂರು ಗಂಟೆ ದಾಟಿತ್ತು. ಬಾಗಿಲಿನ ಹತ್ತಿರ ಅಜ್ಜಿಯ ಚಪ್ಪಲಿ ಇರಲಿಲ್ಲ. ಫೋನು ಊಟದ ಮೇಜಿನ ಮೇಲೇ ಇತ್ತು. ಹಿತ್ತಿಲು, ಗರಾಜು, ಪಕ್ಕದ ಮನೆ ಎಲ್ಲ ಕಡೆ ಹುಡುಕಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಆಫೀಸಿನಿಂದ ಹೊರಟರು, ತಮ್ಮ ಸೈಕಲ್ ತಗೊಂಡು ಹೊರಟ. ನಾನು ಕಾರಿದ್ದರೂ ಓಡಿಸಲು ಪೂರ್ತಿ ಲೈಸೆನ್ಸ್ ಇಲ್ಲದೆ ಡ್ರೈವ್‌ವೇಯಲ್ಲಿ ನಿಂತುಕೊಂಡೆ. ಟೆಕ್ಸಾಸ್‌ನಲ್ಲಿ ಹದಿನೈದಕ್ಕೆ ಕಲಿಯುವವರ ಲೈಸೆನ್ಸ್ ಸಿಗುತ್ತದೆ, ಆದರೆ ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರು ಕೂತಿರಬೇಕು. ಆ ದಿನ ಹಾಗೆ ಕೂರಲು ಮನೆಯಲ್ಲಿ ಯಾರೂ ಇರಲಿಲ್ಲ.

ಅಪ್ಪನಿಗೆ ಅವರು ಸಿಕ್ಕಿದ್ದು ಎಚ್‌ಇಬಿ ಅಂಗಡಿಯ ಹೊರಗಿನ ಬೆಂಚಿನ ಮೇಲೆ. ಮನೆಯಿಂದ ಒಂದೂವರೆ ಮೈಲಿ. ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಸೀರೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು ಅಂಟಿಕೊಂಡಿತ್ತು, ಯಾಕೆಂದರೆ ಅರ್ಧ ದಾರಿಯಲ್ಲೇ ಫುಟ್‌ಪಾತ್ ಮುಗಿದುಹೋಗುತ್ತದೆ.

ನಡೆದದ್ದು ಇಷ್ಟು. ಮಧ್ಯಾಹ್ನ ಸಾರಿಗೆ ಕೊತ್ತಂಬರಿ ಇಲ್ಲ ಎಂದು ಅಜ್ಜಿಗೆ ಗೊತ್ತಾಯಿತು. ಅದೇ ಹೊತ್ತಿಗೆ ನಮ್ಮ ಬೀದಿಯ ಮೂಲೆಯಲ್ಲಿ ಹಳದಿ ಶಾಲಾ ಬಸ್ಸು ಬಂದು ಸಣ್ಣ ಮಕ್ಕಳನ್ನು ಇಳಿಸುತ್ತಿತ್ತು. ಅಜ್ಜಿ ಹೋಗಿ ಬಾಗಿಲಲ್ಲಿ ನಿಂತು ಡ್ರೈವರನ್ನು ಕೇಳಿದರಂತೆ: "ಎಚ್‌ಇಬಿ ಸೈಡ್ ಗೋಯಿಂಗ್?" ಆಕೆ ನಗುತ್ತ, ಇದು ಶಾಲೆಯ ಮಕ್ಕಳಿಗೆ ಮಾತ್ರ ಎಂದರಂತೆ. ಅಜ್ಜಿ ಮೂವತ್ತನಾಲ್ಕು ವರ್ಷ ಟೀಚರ್ ಆಗಿದ್ದವರು. ಅದು ಶಾಲೆಯ ಬಸ್ಸು ಎಂದು ಅವರಿಗೆ ಗೊತ್ತಿಲ್ಲದೆ ಏನಲ್ಲ. "ಗೊತ್ತಿತ್ತು ಮಾರಾಯ್ತಿ. ಆದರೆ ಒಳಗೆ ಇಪ್ಪತ್ತು ಸೀಟು ಖಾಲಿ ಉಂಟು! ನಮ್ಮಲ್ಲಾದರೆ ಹತ್ತಿಸ್ಕೊಳ್ತಿದ್ರು" ಎಂದರು.

ಅಪ್ಪ ಆ ದಿನ ತುಂಬ ಬೈದರು. ಹೆದರಿಕೆಯಿಂದ ಬೈದದ್ದು, ಆದರೂ ಬೈದದ್ದು ಬೈದದ್ದೇ. ಅಜ್ಜಿ ಏನೂ ಉತ್ತರ ಕೊಡಲಿಲ್ಲ. ರಾತ್ರಿ ಮಲಗುವ ಮುಂಚೆ ನನ್ನ ಹತ್ತಿರ ಒಂದೇ ಮಾತು ಹೇಳಿದರು. "ಇಲ್ಲಿ ಎಲ್ಲ ಉಂಟು ಮಗಾ. ಒಂದು ಬಸ್ಸು ಇಲ್ಲ."

ನಮ್ಮ ಕನ್ನಡ ಶಾಲೆಯಲ್ಲಿ ಆ ತಿಂಗಳು ಕೊಟ್ಟ ಮನೆಕೆಲಸ, ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ ಬರೆಯುವುದು. ನಾನು ಮೊದಲು ಮದುವೆ, ಹಬ್ಬ, ಅಡುಗೆ ಎಂದೆಲ್ಲ ಪ್ರಶ್ನೆಗಳನ್ನು ಮಾಡಿಟ್ಟಿದ್ದೆ. ಕೊತ್ತಂಬರಿ ಪ್ರಕರಣದ ನಂತರ ಆ ಹಾಳೆಯನ್ನು ಬದಿಗಿಟ್ಟು, "ಅಜ್ಜಿ, ಬಸ್ಸಿನ ಬಗ್ಗೆ ಹೇಳಿ" ಎಂದೆ. ಅವರು ಒಂದೂವರೆ ಗಂಟೆ ನಿಲ್ಲಿಸಲಿಲ್ಲ. (ನಾನು ಬರೆದುಕೊಂಡ ತುಳು ಮಾತುಗಳನ್ನೂ ಕಾಗುಣಿತವನ್ನೂ ಅಮ್ಮ ತಿದ್ದಿದ್ದಾರೆ. ಉಳಿದ ತಪ್ಪು ನನ್ನದು.)

ಅಜ್ಜಿಯ ಮನೆ ಉಳ್ಳಾಲದಲ್ಲಿ. ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿ ನದಿ ದಾಟಿದರೆ ಸಿಗುವ ಕಡಲ ತೀರದ ಊರು. ಪೋರ್ಚುಗೀಸರ ಜೊತೆ ಯುದ್ಧ ಮಾಡಿದ ರಾಣಿ ಅಬ್ಬಕ್ಕ ಆಳಿದ ಊರು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ, ಅದೇ. ಅವರು ಪಾಠ ಮಾಡುತ್ತಿದ್ದ ಶಾಲೆ ನದಿಯ ಈಚೆ, ಪೇಟೆಯಲ್ಲಿ. 1976ರಿಂದ 2010ರವರೆಗೆ ದಿನಾ ಹೋಗಿ ಬಂದದ್ದು ಬಸ್ಸಿನಲ್ಲೇ. ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿದು ನಾನು ಲೆಕ್ಕ ಹಾಕಿದೆ. ಸುಮಾರು 15,000 ಸಲ ಅಜ್ಜಿ ನೇತ್ರಾವತಿಯನ್ನು ದಾಟಿದ್ದಾರೆ. ಉಳ್ಳಾಲದ ಬಸ್ಸು ಎಂದರೆ ಮಂಗಳೂರಿನವರಿಗೆಲ್ಲ 44 ನಂಬರ್. ಮಂಗಳಾದೇವಿಗೆ 27. ಹೀಗೆ ಅಲ್ಲಿ ಜನ ಊರನ್ನು ನಂಬರಿನಲ್ಲೇ ಹೇಳುತ್ತಾರೆ. "ನಿಮ್ಮ ಮನೆ ಎಲ್ಲಿ?" ಎಂದರೆ "27ರಲ್ಲಿ ಬಂದು ಕೊನೇ ಸ್ಟಾಪಲ್ಲಿ ಇಳೀರಿ" ಎಂದರೆ ಮುಗಿಯಿತು, ಜಿಪಿಎಸ್ ಬೇಡ.

ಬೆಳಿಗ್ಗೆ ಪೇಟೆಯ ಕಡೆ ಹೋಗುವಾಗ ಎಡಗಡೆಯ ಕಿಟಕಿ ಸೀಟು ಹಿಡಿಯಬೇಕು. ಬಲಗಡೆ ಬಿಸಿಲು. ಎಡಗಡೆ ನೆರಳು, ಸೇತುವೆಯ ಮೇಲೆ ಬಂದಾಗ ನದಿ ಸಮುದ್ರಕ್ಕೆ ಸೇರುವ ಕಡೆಯೂ ಅದೇ. ಈ ವಿಷಯವನ್ನು ಅಜ್ಜಿ ದೊಡ್ಡ ಗುಟ್ಟಿನಂತೆ ಹೇಳಿದರು.

ಆಗಿನ ಬಸ್ಸಿಗೆ ಕಿಟಕಿಯಲ್ಲಿ ಗಾಜು ಇರುತ್ತಿರಲಿಲ್ಲ, ಸುತ್ತಿಟ್ಟ ಟರ್ಪಾಲು. ಜೂನ್‌ನಲ್ಲಿ ಮಳೆ ಶುರುವಾದರೆ ಎಲ್ಲರೂ ಅದನ್ನು ಬಿಡಿಸಿ ಕೆಳಗೆ ಬಿಡುತ್ತಾರೆ. ಒಳಗೆ ಕತ್ತಲೆ. ಒದ್ದೆ ಕೊಡೆಗಳು, ಮಲ್ಲಿಗೆ, ಮೀನಿನ ಬುಟ್ಟಿ, ಡೀಸೆಲ್, ಎಲ್ಲ ಸೇರಿ ಒಂದು ವಾಸನೆ. "ಅದು ಒಳ್ಳೇ ವಾಸನೆಯಾ?" ಎಂದು ಕೇಳಿದೆ. "ಅಲ್ಲ. ಆದರೆ ಈಗ ಒಂದು ಸಲ ಸಿಕ್ಕಿದರೆ ಸಾಕು" ಎಂದರು. ಮುಂದೆ ಡ್ರೈವರ ಪಕ್ಕದಲ್ಲಿ ಇಂಜಿನ್ನಿನ ಬಾನೆಟ್. ಸೀಟು ಸಿಗದಿದ್ದರೆ ಮಕ್ಕಳು ಅದರ ಮೇಲೆ ಕೂರುತ್ತಿದ್ದರು, ಮಳೆಗಾಲದಲ್ಲಿ ಅದು ಬೆಚ್ಚಗೆ, ಮಾರ್ಚ್‌ನಲ್ಲಿ ಕಾವಲಿ.

ಇನ್ನು ಕಂಡಕ್ಟರ್. ಅಜ್ಜಿಯ ಕಥೆಯಲ್ಲಿ ಹೀರೋ ಅವರೇ. ಕಂಕುಳಲ್ಲಿ ಚರ್ಮದ ಚೀಲ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟುಗಳು, ಬಾಯಲ್ಲಿ ವಿಸಿಲ್. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೋಗು. ಟಿಕೆಟು ಬಣ್ಣ ಬಣ್ಣದ ತೆಳು ಕಾಗದ, ಒಂದೊಂದು ದರಕ್ಕೆ ಒಂದೊಂದು ಬಣ್ಣ. ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಕಿ ಎಷ್ಟೆಂದು ಬರೆದುಕೊಡುತ್ತಾರೆ, ಇಳಿಯುವಾಗ ಕೇಳಿ ತೆಗೆದುಕೊಳ್ಳಬೇಕು. ಮರೆತರೆ ನಾಳೆ. ಅಜ್ಜಿಯ ಹಳೆಯ ಪರ್ಸಿನಲ್ಲಿ ಈಗಲೂ ಒಂದು ನಾಲ್ಕಾಣೆ ಉಂಟು, ಬಸ್ಸಿಗೆಂದು ಇಟ್ಟದ್ದು. 2011ರ ಜೂನ್ 30ಕ್ಕೆ ಸರ್ಕಾರ 25 ಪೈಸೆಯ ಚಲಾವಣೆಯನ್ನೇ ನಿಲ್ಲಿಸಿತು. ಅಜ್ಜಿ ಮಾತ್ರ ಅದನ್ನು ಬಿಸಾಡಿಲ್ಲ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಆದದ್ದು ಭಾಷೆಯ ವಿಷಯ. ಕಂಡಕ್ಟರ್ ಬಾಗಿಲಲ್ಲಿ ನಿಂತು ತುಳುವಿನಲ್ಲಿ "ದುಂಬು ಪೋಲೆ, ದುಂಬು ಪೋಲೆ" ಎಂದು ಜನರನ್ನು ಮುಂದೆ ಕಳಿಸುತ್ತಾರೆ. ಅದೇ ಉಸಿರಿನಲ್ಲಿ ಇನ್ನೊಬ್ಬರ ಹತ್ತಿರ ಕೊಂಕಣಿ, ಮತ್ತೊಬ್ಬರ ಹತ್ತಿರ ಬ್ಯಾರಿ, ಕೇರಳದ ಕಡೆಯವರು ಕಂಡರೆ ಮಲಯಾಳಂ, ಟೀಚರ್ ಹತ್ತಿದರೆ ಕನ್ನಡ. ಸ್ಟಾಪು ಬಂದರೆ "ಬೇಗ ಜಪ್ಪುಲೆ!", ಬೇಗ ಇಳೀರಿ. ಆಮೇಲೆ "ರೈಟ್, ಪೋಯಿ!" ನಾವು ಇಲ್ಲಿ ಎರಡು ಭಾಷೆ ಬಂದರೆ ಕಾಲೇಜು ಅರ್ಜಿಯಲ್ಲಿ ಬರೆದುಕೊಳ್ಳುತ್ತೇವೆ. ಅವರಿಗೆ ಐದು ಬರುತ್ತಿತ್ತು, ಬಾಗಿಲಲ್ಲಿ ನೇತಾಡುತ್ತ.

ಮಂಗಳೂರಿನ ಸಿಟಿ ಬಸ್ಸುಗಳು ಹೊರಡುವ ಜಾಗಕ್ಕೆ ಸ್ಟೇಟ್ ಬ್ಯಾಂಕ್ ಎಂದು ಹೆಸರು. ನಾನು ಸಣ್ಣವಳಿದ್ದಾಗ ಅಜ್ಜಿ "ಸ್ಟೇಟ್ ಬ್ಯಾಂಕಿಗೆ ಹೋಗಿ ಬರ್ತೇನೆ" ಎನ್ನುವಾಗ ಅವರ ಹತ್ತಿರ ತುಂಬ ದುಡ್ಡು ಇದೆ ಎಂದುಕೊಂಡಿದ್ದೆ. ಹತ್ತಿರದಲ್ಲಿ ಬ್ಯಾಂಕಿನ ಕಟ್ಟಡ ಇರುವುದರಿಂದ ಬಸ್ ನಿಲ್ದಾಣಕ್ಕೇ ಆ ಹೆಸರು ಬಂತು. ಹೀಗೆ ಸ್ಟಾಪುಗಳ ಹೆಸರಿನಲ್ಲಿ ಹಳೆಯ ಮಂಗಳೂರು ಉಳಿದುಕೊಂಡಿದೆ. ಜ್ಯೋತಿ ಸ್ಟಾಪಿಗೆ ಆ ಹೆಸರು ಬಂದದ್ದು ಜ್ಯೋತಿ ಟಾಕೀಸಿನಿಂದ. ಟಾಕೀಸು ಈಗ ಇಲ್ಲ, ವೃತ್ತಕ್ಕೆ ಅಂಬೇಡ್ಕರ್ ಅವರ ಹೆಸರು ಇಟ್ಟಿದ್ದಾರೆ. ಆದರೂ ಅಜ್ಜಿಯ ಬಾಯಲ್ಲಿ ಮೊದಲು ಬರುವುದು ಜ್ಯೋತಿಯೇ, ಆಮೇಲೆ ತಾವೇ ತಿದ್ದಿಕೊಳ್ಳುತ್ತಾರೆ.

ಮನೆಕೆಲಸಕ್ಕೆ ಬೇಕೆಂದು ನಾನು ಸ್ವಲ್ಪ ಚರಿತ್ರೆಯನ್ನೂ ಓದಿದೆ. ಮಂಗಳೂರಿನಲ್ಲಿ ಮೊದಲ ಬಸ್ ಸೇವೆ ಶುರು ಮಾಡಿದ್ದು ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಕಂಪನಿ, 1914ರಲ್ಲಿ. ಜನ ಅದನ್ನು ಸಿಪಿಸಿ ಎನ್ನುತ್ತಿದ್ದರು. ಆಗ ಮಂಗಳೂರು ಇದ್ದದ್ದು ಬ್ರಿಟಿಷರ ಮದ್ರಾಸ್ ಪ್ರಾಂತದಲ್ಲಿ. ಕನ್ನಡನಾಡಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಈ ಊರಿಗೆ ಬಸ್ಸು ಯಾಕೆ ಅಷ್ಟು ಮುಖ್ಯ ಆಯಿತು ಎಂದು ನೋಡಿದರೆ ಕಾರಣ ರೈಲಿನಲ್ಲಿದೆ. ದಕ್ಷಿಣದಿಂದ, ಅಂದರೆ ಕೇರಳದ ಕಡೆಯಿಂದ, ರೈಲು 1907ರಲ್ಲೇ ಮಂಗಳೂರಿಗೆ ಬಂತು. ಆದರೆ ಘಟ್ಟ ಹತ್ತಿ ಹಾಸನಕ್ಕೆ ಹೋಗುವ ರೈಲು ಬಂದದ್ದು 1979ರಲ್ಲಿ. ಕಡಲ ತೀರದಲ್ಲೇ ಉತ್ತರಕ್ಕೆ ಹೋಗುವ ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರಲ್ಲಿ! ಆ ರೈಲು ಬರುವವರೆಗೆ ಉಡುಪಿಗೆ, ಕುಂದಾಪುರಕ್ಕೆ ಹೋಗಬೇಕಾದರೆ ಬಸ್ಸೇ ಗತಿ. ಶಂಕರ ವಿಠಲ, ಹನುಮಾನ್, ಬಲ್ಲಾಳ್ ಎಂದು ಬಸ್ ಕಂಪನಿಗಳ ಹೆಸರು ಹೇಳುವಾಗ ಅಜ್ಜಿಯ ಮುಖ ನೋಡಬೇಕು, ನಮ್ಮ ಮನೆಯಲ್ಲಿ ಅಪ್ಪ ಕ್ರಿಕೆಟ್ ಆಟಗಾರರ ಹೆಸರು ಹೇಳಿದ ಹಾಗೆ.

ಕರಾವಳಿಯಲ್ಲಿ ಹೆಜ್ಜೆಗೊಂದು ಹೊಳೆ. ಸೇತುವೆಗಳು ಬರುವ ಮುಂಚೆ ಬಸ್ಸು ಹೊಳೆಯ ದಡದ ತನಕ ಬಂದು ನಿಲ್ಲುತ್ತಿತ್ತು. ಜನ ಇಳಿದು, ಗಂಟುಮೂಟೆ ಹೊತ್ತು, ದೋಣಿಯಲ್ಲಿ ಆಚೆ ದಾಟಿ, ಅಲ್ಲಿ ಕಾಯುತ್ತಿದ್ದ ಇನ್ನೊಂದು ಬಸ್ಸು ಹತ್ತಬೇಕು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾಗ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡಿದವು. ಹಿಂದೆ ಒಂದು ಡ್ರಮ್ಮಿನಂತಹ ಒಲೆ, ಅದರಲ್ಲಿ ಇದ್ದಿಲು ಉರಿಸಿ ಬರುವ ಗ್ಯಾಸಿನಿಂದ ಇಂಜಿನ್ ನಡೆಯುತ್ತಿತ್ತು. ಹೊರಡುವ ಮುಂಚೆ ಕ್ಲೀನರ್ ಹುಡುಗ ಕೈಹಿಡಿ ತಿರುಗಿಸಿ ಗಾಳಿ ಊದಿ ಊದಿ ಸುಸ್ತಾಗುತ್ತಿದ್ದ. ಏರು ಬಂದರೆ ಪ್ರಯಾಣಿಕರೇ ಇಳಿದು ತಳ್ಳುವುದೂ ಇತ್ತಂತೆ. ಇದೆಲ್ಲ ಅಜ್ಜಿಯ ಅಮ್ಮ ಅವರಿಗೆ ಹೇಳಿದ್ದು. ತಮ್ಮನಿಗೆ ಈ ಭಾಗ ಬಹಳ ಇಷ್ಟ. ಹ್ಯೂಸ್ಟನ್‌ನಲ್ಲಿ ಕುಳಿತು "ನಮ್ಮ ಕಾರನ್ನೂ ಬಾರ್ಬೆಕ್ಯೂ ಇದ್ದಿಲಲ್ಲಿ ಓಡಿಸಬಹುದಾ?" ಎಂದು ಕೇಳುತ್ತಾನೆ.

ಬೆಂಗಳೂರು, ಮೈಸೂರು ಕಡೆ ಬಸ್ಸು ಎಂದರೆ ಸರ್ಕಾರಿ ಕೆಂಪು ಬಸ್ಸು. ದಕ್ಷಿಣ ಕನ್ನಡದಲ್ಲಿ ಹಾಗಲ್ಲ, ಅಲ್ಲಿ ಹೆಚ್ಚಿನವು ಇವತ್ತಿಗೂ ಖಾಸಗಿ ಬಸ್ಸುಗಳೇ. ಅದಕ್ಕೇ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದಾಗ ಅಜ್ಜಿಗೆ ಸಿಟ್ಟು ಬಂದಿತ್ತು. "ಫ್ರೀ ಮಾಡಿದ್ದಾರೆ, ಒಳ್ಳೇದು. ನಮ್ಮ ದಾರಿಯಲ್ಲಿ ಸರ್ಕಾರಿ ಬಸ್ಸು ಎಷ್ಟುಂಟು? ಕಾದು ಕಾದು 44ಕ್ಕೇ ಹತ್ತುದು, ಟಿಕೆಟ್ ತೆಗೀದು."

ಇಷ್ಟು ಕೇಳಿದ ಮೇಲೆ ನಾನು ಬರೆದುಕೊಂಡದ್ದನ್ನು ಓದಿ ಹೇಳಿದೆ. ಅಜ್ಜಿ ಕೇಳಿ ಸುಮ್ಮನಾದರು. ಆಮೇಲೆ, "ನೀನು ಬರೆದದ್ದು ಸಿನಿಮಾದ ಹಾಗೆ ಆಯ್ತು" ಎಂದರು. ಸೀರೆ ಸ್ವಲ್ಪ ಎತ್ತಿ ಮೊಣಕಾಲಿನ ಕೆಳಗೆ ಒಂದು ಉದ್ದ ಗಾಯದ ಗುರುತು ತೋರಿಸಿದರು. ಒಂದು ಸಂಜೆ ಅವರು ಪೂರ್ತಿ ಇಳಿಯುವ ಮೊದಲೇ ಬಸ್ಸು ಹೊರಟಿತು. ಹಿಂದೆ ಇನ್ನೊಂದು ಬಸ್ಸು ಬರುತ್ತಿತ್ತು, ಮುಂದಿನ ಸ್ಟಾಪಿನ ಜನರನ್ನು ಯಾರು ಮೊದಲು ಹತ್ತಿಸಿಕೊಳ್ಳುವುದು ಎಂಬ ಓಟ. ಖಾಸಗಿ ಬಸ್ಸುಗಳಿಗೆ ನಿಮಿಷದ ಲೆಕ್ಕ. ನಿಲ್ದಾಣದಲ್ಲಿ ಟೈಮ್ ಕೀಪರ್ ಇರುತ್ತಾರೆ, ಎರಡು ನಿಮಿಷಕ್ಕೆ ಜಗಳ ಆಗುತ್ತದೆ. ಅಜ್ಜಿ ರಸ್ತೆಯಲ್ಲಿ ಬಿದ್ದರು. ಆಗ ಅಪ್ಪ ಅವರ ಹೊಟ್ಟೆಯಲ್ಲಿದ್ದರು.

ಈ ವಿಷಯ ಅಪ್ಪನಿಗೇ ಗೊತ್ತಿರಲಿಲ್ಲ.

ಅಷ್ಟೇ ಅಲ್ಲ. ರಶ್ಶಿನಲ್ಲಿ ಬೇಕೆಂದೇ ಮೈಗೆ ತಾಗುವ ಗಂಡಸರು ಇದ್ದರು. ಅದಕ್ಕೆಂದು ಅಜ್ಜಿ ಮತ್ತು ಜೊತೆಯ ಟೀಚರುಗಳು ಬ್ಲೌಸಿಗೆ ಒಂದು ಹೆಚ್ಚಿನ ಪಿನ್ನು ಚುಚ್ಚಿಕೊಂಡು ಹೋಗುತ್ತಿದ್ದರು. ಇದನ್ನು ಬರೆಯಬೇಕಾ ಎಂದು ಕೇಳಿದಾಗ, "ಬರಿ. ಹೆಣ್ಣುಮಕ್ಕಳೂ ಓದ್ತಾರಲ್ಲ" ಎಂದರು.

"ಹಾಗಾದರೆ ಯಾಕಜ್ಜಿ ಅಷ್ಟು ನೆನಪಾಗ್ತದೆ?" ಎಂದು ಕೇಳಿದೆ. ನಿಜವಾಗಿ ನನಗೆ ಅರ್ಥ ಆಗಿರಲಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಮದುವೆಯಾದ ಮೇಲೆ ಮನೆಯಲ್ಲಿ ಎಲ್ಲದಕ್ಕೂ ಕೇಳ್ಬೇಕಿತ್ತು. ಅತ್ತೆಯನ್ನು ಕೇಳ್ಬೇಕು, ನಿನ್ನ ಅಜ್ಜನನ್ನು ಕೇಳ್ಬೇಕು. ಬಸ್ಸಿಗೆ ಮಾತ್ರ ಯಾರನ್ನೂ ಕೇಳ್ಬೇಕಾಗಿರಲಿಲ್ಲ. ಕೈ ಎತ್ತಿದರೆ ನಿಲ್ತದೆ. ಇಲ್ಲಿ ಬಂದು ಮೂರು ತಿಂಗಳಾಯ್ತು. ಒಂದು ದಿನ ಯಾರನ್ನೂ ಕೇಳದೆ ಹೊರಗೆ ಹೋದೆ. ಅಷ್ಟಕ್ಕೇ ನಿನ್ನ ಅಪ್ಪ ಬೈದ."

ಆಗ ನನಗೆ ಹೊಳೆದದ್ದು: ಈ ಮನೆಯಲ್ಲಿ ಹಾಗೆ ಇರುವುದು ಅಜ್ಜಿ ಒಬ್ಬರೇ ಅಲ್ಲ. ಗೆಳತಿಯ ಮನೆಗೆ, ಲೈಬ್ರರಿಗೆ, ಕನ್ನಡ ಶಾಲೆಗೆ, ಎಲ್ಲಿಗೇ ಹೋಗಬೇಕಾದರೂ ನಾನು "ಅಮ್ಮಾ, ಬಿಡ್ತೀಯಾ?" ಎಂದೇ ಕೇಳುವುದು. ನನಗೆ ಹದಿನಾರು, ಅಜ್ಜಿಗೆ ಎಪ್ಪತ್ತನಾಲ್ಕು. ನನಗೆ ಇನ್ನು ಸ್ವಲ್ಪ ದಿನದಲ್ಲಿ ಲೈಸೆನ್ಸ್ ಬರುತ್ತದೆ. ಅಜ್ಜಿಗೆ ಬರುವುದಿಲ್ಲ.

ಟೆಕ್ಸಾಸ್‌ನಲ್ಲಿ ಬಸ್ಸೇ ಇಲ್ಲ ಎಂದಲ್ಲ. ಹ್ಯೂಸ್ಟನ್‌ಗೆ ಮೆಟ್ರೋ ಇದೆ, ಡಾಲಸ್‌ಗೆ ಡಾರ್ಟ್, ಆಸ್ಟಿನ್‌ಗೆ ಕ್ಯಾಪ್‌ಮೆಟ್ರೋ. ಆಸ್ಟಿನ್‌ನಲ್ಲಿ ಶಾಲೆಯ ಮಕ್ಕಳಿಗೆ ಬಸ್ಸು ಉಚಿತವಂತೆ, ನನ್ನ ಗೆಳತಿ ಹೇಳಿ ಹೊಟ್ಟೆ ಉರಿಸಿದಳು. ಆದರೆ ನಮ್ಮ ಕನ್ನಡದವರು ಹೆಚ್ಚಾಗಿ ಇರುವುದು ಆ ಬಸ್ಸುಗಳು ಮುಟ್ಟದ ಹೊರಗಿನ ಊರುಗಳಲ್ಲಿ. ಫ್ರಿಸ್ಕೋ ಡಾರ್ಟ್‌ನಲ್ಲಿ ಸೇರಿಲ್ಲ, ಶುಗರ್‌ಲ್ಯಾಂಡ್ ಮೆಟ್ರೋದಲ್ಲಿ ಸೇರಿಲ್ಲ. ಡಾಲಸ್ ಮತ್ತು ಫೋರ್ಟ್‌ವರ್ತ್ ನಡುವಿನ ಆರ್ಲಿಂಗ್ಟನ್‌ನಲ್ಲಿ ಅಷ್ಟು ದೊಡ್ಡ ಕೌಬಾಯ್ಸ್ ಸ್ಟೇಡಿಯಂ ಇದ್ದರೂ ಗೊತ್ತಾದ ದಾರಿಯಲ್ಲಿ ಓಡುವ ಸಿಟಿ ಬಸ್ಸು ಇಲ್ಲ. ಫೋನಿನಲ್ಲಿ ಕರೆದರೆ ವ್ಯಾನು ಬರುತ್ತದೆ. ನಾವು ಇರುವುದು ಕೇಟಿ ಕಡೆ. ಇಲ್ಲಿಂದ ಡೌನ್‌ಟೌನಿಗೆ ಬಸ್ಸು ಇದೆ, ಆದರೆ ಬಸ್ಸು ಹತ್ತುವ ಜಾಗಕ್ಕೆ ಹೋಗಲು ಕಾರು ಬೇಕು. ಇದನ್ನು ಕೇಳಿ ಅಜ್ಜಿ ನಕ್ಕ ನಗು ಒಂದು ದಿನ ಪೂರ್ತಿ ನಿಂತಿರಲಿಲ್ಲ.

ಹಿಂದೆ ಇಲ್ಲಿ ಹೀಗಿರಲಿಲ್ಲ ಎಂದು ಗೊತ್ತಾದದ್ದು ಗಾಲ್ವೆಸ್ಟನ್‌ನಲ್ಲಿ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅಜ್ಜಿಗೆ ಸಮುದ್ರ ತೋರಿಸಲು ಹೋಗಿದ್ದೆವು. (ನೀರಿನ ಬಣ್ಣ ನೋಡಿ ಅಜ್ಜಿ, "ಇದು ನಮ್ಮ ನೇತ್ರಾವತಿಗೆ ಜುಲೈಯಲ್ಲಿ ನೆರೆ ಬಂದ ಹಾಗೆ ಉಂಟು" ಎಂದರು.) ಅಲ್ಲಿ ಬೀದಿಯಲ್ಲಿ ಹಳಿಯ ಮೇಲೆ ಓಡುವ ಟ್ರಾಲಿ ಇದೆ. 1988ರಲ್ಲಿ ಶುರುವಾದದ್ದು, 2008ರ ಐಕ್ ಚಂಡಮಾರುತದಲ್ಲಿ ಉಪ್ಪುನೀರು ನುಗ್ಗಿ ಹಾಳಾಗಿ, 2021ರಲ್ಲಿ ಮತ್ತೆ ಬಂತು. ಅದಕ್ಕಿಂತ ಹಿಂದಿನ ಕಥೆ ಇನ್ನೂ ದೊಡ್ಡದು. 1911ರಿಂದ 1936ರವರೆಗೆ ಹ್ಯೂಸ್ಟನ್‌ನಿಂದ ಗಾಲ್ವೆಸ್ಟನ್‌ಗೆ ವಿದ್ಯುತ್ ರೈಲು ಓಡುತ್ತಿತ್ತು. ಸುಮಾರು 50 ಮೈಲಿ, 75 ನಿಮಿಷ. ಮಂಗಳೂರಿಗೆ ಮೊದಲ ಬಸ್ಸು ಬರುವ ಮೂರು ವರ್ಷ ಮೊದಲೇ! ನಾವು ಆ ದಿನ ಕಾರಿನಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಎರಡು ಗಂಟೆ ತೆಗೆದುಕೊಂಡಿದ್ದೆವು. ಅಪ್ಪ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೇಳಿಸಿಕೊಂಡರು.

ಡಿಸೆಂಬರ್ ರಜೆಯಲ್ಲಿ ನಾನು ಅಪ್ಪನನ್ನು ಒಪ್ಪಿಸಿದೆ. ನಾನೂ ಅಜ್ಜಿಯೂ ಬಸ್ಸಿನಲ್ಲಿ ಹಿಲ್‌ಕ್ರಾಫ್ಟ್‌ನ ಇಂಡಿಯನ್ ಅಂಗಡಿಗಳಿಗೆ ಹೋಗುವುದು. ಅಪ್ಪ ವೆಸ್ಟ್‌ಹೈಮರ್ ರಸ್ತೆಯ ಸ್ಟಾಪಿನಲ್ಲಿ ಬಿಟ್ಟರು. ಅಲ್ಲಿ ಬರುವುದು 82 ನಂಬರ್, ಹ್ಯೂಸ್ಟನ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಹತ್ತುವ ಬಸ್ಸು. ಅಜ್ಜಿ ರೇಷ್ಮೆ ಅಂಚಿನ ಸೀರೆ ಉಟ್ಟು, ಮೇಲೆ ಅಮ್ಮನ ಸ್ವೆಟರ್ ಹಾಕಿ, ಬಟ್ಟೆಯ ಚೀಲ ಹಿಡಿದು ತಯಾರಾಗಿದ್ದರು. ನಮ್ಮನ್ನು ಬಿಟ್ಟ ಮೇಲೂ ಅಪ್ಪ ಎದುರಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ನೋಡುತ್ತಿದ್ದರು. ಅಜ್ಜಿ ಹೋಗು ಹೋಗು ಎಂದು ಕೈ ಬೀಸಿದರು.

ಬಸ್ಸು ಬಂತು. ಅಜ್ಜಿ ಕೈ ಎತ್ತಿದರು. ನಿಂತಿತು. ಅದು ಸ್ಟಾಪಿನಲ್ಲಿ ಹೇಗೂ ನಿಲ್ಲುತ್ತಿತ್ತು, ಆದರೆ ಅಜ್ಜಿಯ ಮುಖ ನೋಡಿ ನಾನು ಅದನ್ನು ಹೇಳಲಿಲ್ಲ.

ಟಿಕೆಟಿಗೆ 1.25 ಡಾಲರ್. 70 ದಾಟಿದವರು ಪಾಸು ಮಾಡಿಸಿಕೊಂಡರೆ ಉಚಿತ, ಅಜ್ಜಿಯ ಹತ್ತಿರ ಪಾಸು ಇರಲಿಲ್ಲ. ನಾನು ಫೋನು ತೋರಿಸುವ ಮೊದಲೇ ಅವರು ಪೆಟ್ಟಿಗೆಗೆ ಎರಡು ಡಾಲರ್ ನೋಟು ಹಾಕಿ ಬಾಕಿಗೆ ಕಾಯುತ್ತ ನಿಂತರು. ಚಿಲ್ಲರೆ ಬರುವುದಿಲ್ಲ ಎಂದು ಡ್ರೈವರ್ ಹೇಳಿದರು. "ಟಿಕೆಟಿನ ಹಿಂದೆ ಬರೆದು ಕೊಡ್ಲಿಕ್ಕೆ ಹೇಳು" ಎಂದರು ಅಜ್ಜಿ. ಟಿಕೆಟೇ ಇಲ್ಲ ಎಂದು ವಿವರಿಸುವಷ್ಟರಲ್ಲಿ ಬಸ್ಸು ಹೊರಟಿತ್ತು. ತಲೆಗೆ ಕೆಲಸಗಾರರ ಹೆಲ್ಮೆಟ್ ಹಾಕಿಕೊಂಡಿದ್ದ ಒಬ್ಬರು ಎದ್ದು ಅಜ್ಜಿಗೆ ಸೀಟು ಕೊಟ್ಟರು.

ನಾನು ಹತ್ತಾರು ಸಲ ಕಾರಿನಲ್ಲಿ ಹೋದ ರಸ್ತೆ ಅದು. ಕಾರಿನಲ್ಲಿ ನಾನು ಫೋನು ನೋಡುತ್ತೇನೆ. ಬಸ್ಸಿನಲ್ಲಿ ಜನರನ್ನು ನೋಡಿದೆ. ಆಸ್ಪತ್ರೆಯ ಉಡುಪಿನಲ್ಲಿ ನಿದ್ದೆ ಮಾಡುತ್ತಿದ್ದ ಹೆಂಗಸು, ಗಿಟಾರ್ ಹಿಡಿದ ಹುಡುಗ, ಅಜ್ಜಿಯ ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ, ಸ್ಪ್ಯಾನಿಷ್ ಮಾತಾಡುವ ಇನ್ನೊಬ್ಬ ಅಜ್ಜಿ. ನಮ್ಮ ಅಜ್ಜಿ ಆ ಚೀಲದಿಂದ ಹೊರಗೆ ಕಾಣುತ್ತಿದ್ದ ಸೊಪ್ಪನ್ನು ತೋರಿಸಿ "ಕೊತ್ತಂಬರಿ" ಎಂದರು. ಆಕೆ "ಸಿಲಾಂತ್ರೋ" ಎಂದರು. ಅಜ್ಜಿ "ಸಿಲಾಂತ್ರೋ" ಎಂದರು, ಆಕೆ "ಕೊತಂಬರಿ" ಎಂದರು. ಆಮೇಲೆ ಇಬ್ಬರೂ ಮೊಮ್ಮಕ್ಕಳ ಫೋಟೋ ತೋರಿಸಿಕೊಂಡರು. ನಾಲ್ಕು ತಿಂಗಳಲ್ಲಿ ಅಜ್ಜಿ ತಾವಾಗಿ ಒಬ್ಬ ಅಪರಿಚಿತರ ಹತ್ತಿರ ಮಾತಾಡಿದ್ದು ಅದೇ ಮೊದಲು.

ಕಿಟಕಿಯ ಉದ್ದಕ್ಕೆ ಒಂದು ಹಳದಿ ಹಗ್ಗ ಇತ್ತು. ಇಳಿಯಬೇಕಾದವರು ಅದನ್ನು ಎಳೆಯಬೇಕು ಎಂದೆ. ಅಜ್ಜಿಗೆ ನಂಬಿಕೆಯೇ ಬರಲಿಲ್ಲ. ಅವರ ಕಾಲದ ಕೆಲವು ಬಸ್ಸುಗಳಲ್ಲೂ ಮೇಲೆ ಬೆಲ್ಲಿನ ಹಗ್ಗ ಇರುತ್ತಿತ್ತು, ಆದರೆ ಅದು ಕಂಡಕ್ಟರನದು, ಬೇರೆಯವರು ಮುಟ್ಟುವ ಹಾಗಿಲ್ಲ. "ನಾನು ಎಳೀಬಹುದಾ?" "ಹೌದು ಅಜ್ಜಿ, ಆದರೆ ಈಗಲ್ಲ—" ಅಷ್ಟರಲ್ಲಿ ಟಿಂಗ್ ಎಂದು ಶಬ್ದ ಆಯಿತು. ನಮ್ಮ ಸ್ಟಾಪಿಗೆ ಇನ್ನೂ ಮೂರು ಸ್ಟಾಪು ಇತ್ತು. ಬಸ್ಸು ನಿಂತಿತು, ಎಲ್ಲರೂ ನಮ್ಮನ್ನೇ ನೋಡಿದರು. ಎಳೆದ ಮೇಲೆ ಇಳಿಯದಿದ್ದರೆ ಮರ್ಯಾದೆಯಲ್ಲ ಎಂದು ಅಜ್ಜಿ ಇಳಿದೇ ಬಿಟ್ಟರು. ಇಳಿಯುವಾಗ ಡ್ರೈವರಿಗೆ ಕೇಳುವ ಹಾಗೆ, "ರೈಟ್, ಪೋಯಿ!"

ಆಮೇಲೆ ನಡೆದು, ಇನ್ನೊಂದು ಬಸ್ಸು ಹತ್ತಿ, "ಪುನಃ ಟಿಕೆಟಾ?" ಎಂದು ಗೊಣಗಿ, ಹಿಲ್‌ಕ್ರಾಫ್ಟ್ ಮುಟ್ಟಿದೆವು. ಬೆಲ್ಲ, ಕುಚ್ಚಲಕ್ಕಿ, ತೊಂಡೆಕಾಯಿ. ಕಾರಿನಲ್ಲಾದರೆ ಮನೆಯಿಂದ ಹೋಗಿ ಬರಲು ಒಂದು ಗಂಟೆ, ನಮಗೆ ಬೇಕಾದದ್ದು ನಾಲ್ಕು ಗಂಟೆ. ಅಪ್ಪ ಅದನ್ನೇ ಹೇಳಿದರು. ಅವರ ಲೆಕ್ಕ ತಪ್ಪಲ್ಲ.

ಅಜ್ಜಿ ಫೆಬ್ರವರಿ ಕೊನೆಯವರೆಗೆ ಇರಬೇಕಿತ್ತು. ಜನವರಿಯಲ್ಲೇ ಹೊರಟರು. ಚಳಿ, ಮೊಣಕಾಲು ನೋವು, ಉಳ್ಳಾಲದ ಮನೆಯ ತೆಂಗಿನಕಾಯಿ ಎಂದು ಎಲ್ಲರಿಗೂ ಒಂದೊಂದು ಕಾರಣ ಹೇಳಿದರು. ಅಪ್ಪನಿಗೆ ಬೇಜಾರಾಗಿತ್ತು, ತಾನು ಬೈದದ್ದಕ್ಕೇ ಎಂದುಕೊಂಡಿದ್ದರು. ವಿಮಾನ ನಿಲ್ದಾಣಕ್ಕೆ ಹೋಗುವಾಗ ಅಜ್ಜಿ ಮುಂದಿನ ಸೀಟಿನಲ್ಲಿ ಕೂತು ಅಪ್ಪನ ಕೈ ಹಿಡಿದುಕೊಂಡೇ ಇದ್ದರು. ಮುಂದಿನ ಸಲ ಬಂದರೆ ಬಸ್ಸಿನ ಹತ್ತಿರ ಮನೆ ಇರುವ ಕಡೆ ಬರುತ್ತೇನೆ ಎಂದರು. ಅಪ್ಪ ನಗಲಿಲ್ಲ. ಈಗ ಅವರು ಕೆಲವೊಮ್ಮೆ ರಾತ್ರಿ ಮೆಟ್ರೋದ ನಕ್ಷೆ ತೆರೆದು ನೋಡುತ್ತಿರುತ್ತಾರೆ.

ಹೋದ ಭಾನುವಾರ ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರ ಬೆಳಿಗ್ಗೆ. ಹಿಂದೆ ಇಂಜಿನ್ನಿನ ಶಬ್ದ, ಯಾರದೋ ಫೋನಿನಲ್ಲಿ ಹಾಡು, ವಿಸಿಲ್. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದೆ. "ಎಲ್ಲಿಗೂ ಇಲ್ಲ, ಸುಮ್ಮನೆ ಪೇಟೆಗೆ" ಎಂದರು. ಈ ಲೇಖನ ಬರೆಯುತ್ತಿದ್ದೇನೆ, ಇನ್ನೊಂದೆರಡು ವಿಷಯ ಕೇಳಬೇಕು ಎಂದೆ.

"ಈಗ ಆಗ್ಲಿಕ್ಕಿಲ್ಲ ಮಗಾ, ಕಂಡಕ್ಟರ್ ಹದಿನೈದು ರೂಪಾಯಿ ಬಾಕಿ ಕೊಡ್ಲಿಕ್ಕುಂಟು, ಸ್ಟೇಟ್ ಬ್ಯಾಂಕ್ ಬಂತು" ಎಂದು ಫೋನು ಇಟ್ಟರು.